ಕ್ಯಾನ್ವಾಸಿನ ಪಕ್ಕಕ್ಕೆ ಸರಿದ ಭಾವಮೈದುನ

ಬಾಗಲಕೋಟೆಯ ಅಂಗಡಿಗೆ ಸೀರೆಗಳ ಗಂಟು ಮುಟ್ಟಿಸಿ, ಇಳಕಲ್ಲಿನ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ನೇಕಾರ ಹೊಳಬಸಪ್ಪ ಲಾಡಸಾಬನ ಸ್ಟುಡಿಯೋ ಹೊಕ್ಕ. ಚೀಲದಲ್ಲಿ ಹೊಸ ಮನೆಯ ವಾಸ್ತುಶಾಂತಿಯ ದಿನ ತೆಗೆಸಿದ ಮನೆಮಂದಿಯ ಫೋಟೋ ಇತ್ತು. ಅದನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಬೇಕೆಂಬುದು ಹೆಂಡತಿ ಸುನಂದಾಳ ಅಪ್ಪಣೆ. ಆ ಭಾಗಕ್ಕೆ ಆಗಷ್ಟೇ ಬಂದಿದ್ದ ಶೋಕಿ ಅದು.

ಲಾಡಸಾಬ ಅಂಗೈಯಗಲ ದಪ್ಪದ ಚೌಕಟ್ಟು ತೋರಿಸಿದ. "ಬಟ್ಟಿ ಈ ಕಟ್ಟಿಗಿಗೆ ಬಿಗದು ಹಿಂದ ಮೊಳಿ ಹೊಡಿತೇನ್ರಿ. ಎಡಕ್ಕ ಬಲಕ್ಕ ಅಂಚಿನ ಚಿತ್ರ ಪಕ್ಕಕ್ಕ ಮಡಚಿ ಹೋಗತೈತಿ. ಬ್ಯಾಡಂದ್ರ ಸುತ್ತ ಬಿಳಿ ಜಾಗಾ ಬಿಡ್ತೇನಿ."

ಹೊಳಬಸಪ್ಪನ ಕಣ್ಣು ಫೋಟೋದ ಬಲ ತುದಿಗೆ ಹೋಯಿತು. ಅಲ್ಲಿ ಸುನಂದಾಳ ತಮ್ಮ ವಿಜಯಮಹಾಂತೇಶ ಎದೆಯುಬ್ಬಿಸಿ ನಿಂತಿದ್ದ. ಮನೆ ಕಟ್ಟುವಾಗ ಹುನಗುಂದದಿಂದ ಬಂದು, ಬಾಗಿಲು ಇಲ್ಲಿರಲಿ, ಕಿಟಕಿ ಅಲ್ಲಿರಲಿ ಎಂದು ಗವಂಡಿಗಳಿಗೆ ಬೆರಳು ತೋರಿಸಿ ಹೋದ ಮಹಾನುಭಾವ. (ಗೋಡೆಗೆ ನೀರು ಹೊಡೆದವನು ಹೊಳಬಸಪ್ಪ.) ಶಾಂತಿಗೆ ಬಂದ ಮಂದಿ ಅವನ ಕೈ ಕುಲುಕಿ, "ಮನಿ ಭಾಳ ಛಲೋ ಕಟ್ಸೀರಿ" ಅಂದರು. ಅವನೂ, "ಏನೋ, ಆಗೇತ್ರಿ" ಅಂದ. ಮನೆಯ ಯಜಮಾನ ತಾನೆಂಬುದು ಗೋಡೆಯ ಮೇಲಾದರೂ ಕಾಣಲಿ ಎಂಬುದೊಂದೇ ಈಗ ಹೊಳಬಸಪ್ಪನ ಆಸೆ.

ಹೆಂಡತಿಯ ತಮ್ಮನನ್ನು ಫೋಟೋದಿಂದ ಕತ್ತರಿಸುವಂತಿಲ್ಲ. ಕತ್ತರಿಸಿದವನಿಗೆ ಮನೆಯಲ್ಲಿ ರೊಟ್ಟಿ ಹುಟ್ಟುವುದಿಲ್ಲ. ಆದರೆ ಮಡಚಬಹುದು. ಮಡಚಿದ ಮನುಷ್ಯ ಫೋಟೋದಲ್ಲಿ ಇದ್ದ ಹಾಗೂ ಆಯಿತು, ಕಾಣದ ಹಾಗೂ ಆಯಿತು.

"ಬಿಳಿ ಜಾಗಾ ಬ್ಯಾಡ. ಮಡಚ್ರಿ."

"ಮಂದಿ ಅಂಚಿನ ತನಕಾ ನಿಂತಾರ. ಸರಿಯಾಗಿ ನೋಡ್ರಿ, ಆಮ್ಯಾಲ ನನಗ ಅನಬ್ಯಾಡ್ರಿ."

"ನೋಡೇ ಹೇಳಾಕತ್ತೇನಿ, ಸಾಬ್ರ."

ಮುಂದಿನ ಸಂತೆಗೆ ಕಟ್ಟು ಮನೆಗೆ ಬಂತು. ಪಡಸಾಲೆಯಲ್ಲಿ ಸುನಂದಾ ಕಾಗದ ಬಿಚ್ಚಿದಳು. ಬಣ್ಣ ಝಗಝಗಿಸುತ್ತಿತ್ತು.

"ನಮ್ಮ ತಮ್ಮ ಎಲ್ಲಿ?"

"ಪಕ್ಕಕ್ಕ ಅದಾನಲ್ಲ, ಹೊಳ್ಳಿಸಿ ನೋಡು. ಕ್ಯಾನ್ವಾಸಿನ ಪದ್ಧತೀನ ಹಂಗ." ಉತ್ತರವನ್ನು ಹೊಳಬಸಪ್ಪ ಬಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದ.

ಅವನ ತಾಯಿ ಶಿವಬಸವ್ವ ಕನ್ನಡಕ ಏರಿಸಿ ಬಗ್ಗಿದಳು. "ನಾ ಅದೇನಿ. ಸುನಂದಾ ಅದಾಳ. ಹುಡುಗ್ರು ಅದಾವ. ಯಪ್ಪಾ, ನೀ ಎಲ್ಲಿ ಅದೀಯೋ?"

ಹೊಳಬಸಪ್ಪ ಹುಡುಕಿದ. ಎಡಗಡೆ, ಮಗಳ ಹೆಗಲ ಮೇಲೆ ಒಂದು ಕೈ ಇತ್ತು. ಕೈಯ ಒಡೆಯ ಚೌಕಟ್ಟಿನ ಆಚೆ ಬದಿಯಲ್ಲಿದ್ದ. ಶಾಂತಿಯ ದಿನ ಊಟಕ್ಕೆ ಬಡಿಸುತ್ತಿದ್ದ ತಾನು ಎಲ್ಲರಿಗಿಂತ ಕೊನೆಗೆ ಓಡಿಬಂದು ಎಡ ತುದಿಗೆ ನಿಂತಿದ್ದು ಈಗ ನೆನಪಾಯಿತು.

ಸುನಂದಾ ಗಂಡನ ಮುಖ ನೋಡಿದಳು, ಚೌಕಟ್ಟಿನ ಎರಡೂ ಪಕ್ಕ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು.

"ಹುಟ್ಟಿದಾಗಿಂದ ಮಗ್ಗದಾಗ ಕುಂತೀರಿ. ಸೀರಿಗೆ ಎರಡೂ ಕಡೆ ದಡಿ ಇರತಾವ ಅನ್ನೂದು ಮರತ ಹೋತೇನ್ರಿ?"

"ಬಿಡವ್ವಾ," ಅಂದಳು ಶಿವಬಸವ್ವ, "ಒಂದು ಕೈಯಾದ್ರೂ ಬಂದೈತಲ್ಲ."

ಎಲ್ಲಿ ತೂಗುಹಾಕಬೇಕೆಂಬುದನ್ನು ಸುನಂದಾ ಒಬ್ಬಳೇ ತೀರ್ಮಾನಿಸಿದಳು. ಹೊಸ್ತಿಲು ದಾಟುತ್ತಲೇ ಬಲಕ್ಕೆ ಸಿಗುವ ಗೋಡೆ. ಹಾಗೆ ತೂಗುಹಾಕಿದಾಗ, ಬಾಗಿಲಲ್ಲಿ ಕಾಲಿಟ್ಟವರಿಗೆ ಎಲ್ಲರಿಗಿಂತ ಮೊದಲು ಚೌಕಟ್ಟಿನ ಬಲ ಪಕ್ಕ, ಅಂದರೆ ವಿಜಯಮಹಾಂತೇಶ, ದರ್ಶನ ಕೊಡುತ್ತಿದ್ದ. ಎಡ ಪಕ್ಕದ ಹೊಳಬಸಪ್ಪ ಒಳಗಿನ ಬಚ್ಚಲಿನಿಂದ ಬರುವವರಿಗೆ ಮಾತ್ರ ಕಾಣುತ್ತಿದ್ದ.

ಮರುದಿನ ಕರೆಂಟಿನ ಮೀಟರ್ ಓದಲು ಹೊಸಬನೊಬ್ಬ ಬಂದ. ಒಳಗಿಣುಕಿ, ಗೋಡೆಯತ್ತ ಕೈ ಮಾಡಿ, "ಮಾಲಕರು ಮನ್ಯಾಗ ಇಲ್ಲೇನ್ರಿ?" ಅಂದ. ಬಾಗಿಲು ತೆರೆದವನು ಹೊಳಬಸಪ್ಪನೇ.

ರವಿವಾರ ವಿಜಯಮಹಾಂತೇಶ ಬಂದು ಹೊಸ್ತಿಲಲ್ಲೇ ನಿಂತ. ಬಹಳ ಹೊತ್ತು ನೋಡಿದ. "ಭಾಳ ಛಂದ ಬಂದೈತಿ ಮಾಮಾ. ಈ ಪಕ್ಕಕ್ಕ ಬೆಳಕು ಸಾಲಂಗಿಲ್ಲ. ಒಂದು ಟ್ಯೂಬ್‌ಲೈಟ್ ಹಾಕಸ್ರಿ."

ಸಂಜೆ ವೈರಿಂಗಿನವನು ಬಂದ. ಹೊಳಬಸಪ್ಪ ಸ್ಟೂಲು ಹಿಡಿದುಕೊಂಡ.