ಎದುರಾಳಿ ಬೇಕಾಗಿದ್ದಾರೆ

ನಮ್ಮ ಭಾವ ಕಳೆದ ವರ್ಷದವರೆಗಿನ ಸೇವೆಯಲ್ಲಿ ಒಂದೇ ಒಂದು ಪಂದ್ಯವನ್ನೂ ಸೋತವರಲ್ಲ. ಹೀಗೆಂದ ಕೂಡಲೇ ಕೆಲವರು ಕೈ ಮುಗಿಯಲು ಹೊರಡುತ್ತಾರೆ. ಸ್ವಲ್ಪ ತಾಳಿ! ಅವರು ಗೆದ್ದೂ ಇರಲಿಲ್ಲ. ಯಾಕೆಂದರೆ ಆಡಿಯೇ ಇರಲಿಲ್ಲ.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಗುಂಡ್ಲುಪೇಟೆಯ ಒಂದು ಸಣ್ಣ ಕಾಲೇಜಿನಲ್ಲಿ ಆಟದ ಮೇಷ್ಟ್ರು. ನಮ್ಮ ಮನೆಯಿಂದ ಎರಡು ಬಾಗಿಲು ಆಚೆಗೆ ಅವರ ಮನೆ. ಅವರು ಹುಡುಗರಿಗೆ ಕಲಿಸುವುದು ಅಮೆರಿಕನ್ ಫುಟ್‌ಬಾಲ್. ಇಡೀ ಜಿಲ್ಲೆಯಲ್ಲಿ ಆ ಆಟ ಆಡುವ ಇನ್ನೊಂದು ತಂಡವಿರಲಿಲ್ಲ. ಅಂದಮೇಲೆ ಅವರನ್ನು ಸೋಲಿಸುವವರಾದರೂ ಯಾರು?

ಈ ಆಟ ನಮ್ಮೂರಿಗೆ ಬಂದದ್ದು ಅಮೆರಿಕದಿಂದಲ್ಲ, ಮೈಸೂರಿನಿಂದ. ಕಾಲೇಜಿನವರು ಫುಟ್‌ಬಾಲ್ ಬೇಕು ಅಂದರೆ ಅಂಗಡಿಯವನು ಎರಡೂ ಕಡೆ ಚೂಪಾದ ಕಂದು ಚೆಂಡೊಂದನ್ನು ಕಳಿಸಿದ್ದ. ಅಟೆಂಡರ್ ಅದನ್ನು ಒತ್ತಿ ನೋಡಿ, "ಗಾಳಿ ಸರ್ಯಾಗಿ ತುಂಬಿಲ್ಲ ಸಾ" ಅಂದನಂತೆ. ಬೇರೆಯವರಾಗಿದ್ದರೆ ಅದನ್ನು ಮರುದಿನದ ಬಸ್ಸಿಗೇ ವಾಪಸ್ ಹಾಕುತ್ತಿದ್ದರು. ಭಾವ ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದರು. "ಬಂದಿರೋದ್ನ ಯಾಕೆ ಓಡಿಸ್ಬೇಕು? ಇದ್ಕೂ ಒಂದು ಆಟ ಇರ್ಬೇಕಲ್ವಾ?" ಅಂದರು. ಇತ್ತು! ಮೊಬೈಲಿನಲ್ಲಿ ಸಿಕ್ಕಿತು. ಅಂದಿನಿಂದ ನಮ್ಮ ಬೀದಿಯ ನೆಮ್ಮದಿ ಹೋಯಿತು. ಚೆಂಡು ನೋಡಿದವರೆಲ್ಲ ಅದನ್ನು 'ಹಲಸಿನ ಬೀಜದಾಟ' ಎಂದು ಕರೆಯತೊಡಗಿದರು.

ಊಟದ ತಟ್ಟೆಯೂ ಮೈದಾನವಾಯಿತು. ಮುದ್ದೆಯೇ ಚೆಂಡು ಎಸೆಯುವ ನಾಯಕ. ಅದರ ಮುಂದೆ ಬೇಯಿಸಿದ ಅವರೆಕಾಳುಗಳ ಕಾವಲು.

"ಇದೇನ್ರೀ, ಕಾಳೆಲ್ಲ ಸಾಲಾಗಿ ನಿಂತವೆ? ರೇಷನ್ ಕೊಡ್ತೀರಾ?" ಎನ್ನುತ್ತಾ ಅಕ್ಕ ಎರಡು ಕಾಳನ್ನೆತ್ತಿ ಬಾಯಿಗೆ ಹಾಕಿಕೊಂಡಳು.

"ಅಯ್ಯೋ, ಎಡಗಡೆ ಕಾವಲು ಓಯ್ತು!" ಎಂದು ಭಾವ ಕೂಗಿದ ಕೂಗಿಗೆ ಬೀದಿಯವರು ಅಕ್ಕನ ಮನೆಗೆ ಕಳ್ಳ ನುಗ್ಗಿದ ಎಂದೇ ಓಡಿ ಬಂದರು.

ಆಟಕ್ಕೆ ಭುಜಕ್ಕೆ ಮೆತ್ತೆ ಕಟ್ಟಬೇಕಂತೆ. ಹೊಲಿಗೆ ಯಂತ್ರ ಇದ್ದದ್ದು ನನ್ನ ಬಳಿ. ಭಾವ ಒಂದು ಮೂಟೆ ಹತ್ತಿ, ಒಂದು ನೀಲಿ ಹೂವಿನ ಸೀರೆ ತಂದು ಸುರಿದರು. ನಾನು ಹೊಲಿದೆ. ಹತ್ತಿ ಎಲ್ಲಿಯದು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಆ ರಾತ್ರಿ ಅಕ್ಕ ಮಲಗಲು ಹೋದಾಗ ಹಾಸಿಗೆಯಲ್ಲಿ ಬರೀ ಬಟ್ಟೆ ಉಳಿದಿತ್ತು!

ಇನ್ನು ಎದುರಾಳಿಯನ್ನು ತಳ್ಳುವ ಪಾಠ. ಭಾವ ಹುಡುಗರನ್ನು ತರಕಾರಿ ಮಂಡಿಗೆ ಕರೆದುಕೊಂಡು ಹೋದರು. ಕೇರಳಕ್ಕೆ ಹೊರಟ ಲಾರಿಗೆ ಮೂಟೆ ತುಂಬುವವರು ಭುಜ ಕೊಡುವುದನ್ನು ನೋಡಿ ಕಲಿಯಲಿ ಅಂತ. "ನೋಡಿದ್ರೆ ಬರಾಕಿಲ್ಲ ಸಾ, ಒತ್ರೇನೇ ಬರದು" ಎಂದು ಅವರು ಹುಡುಗರ ಹೆಗಲಿಗೇ ಮೂಟೆ ಏರಿಸಿದರು. ಲಾರಿ ತುಂಬುವವರೆಗೂ ಪಾಠ ನಡೆಯಿತು. ಮೂಟೆ ಹೊರುವವರು ಅಷ್ಟೂ ಹೊತ್ತು ನೆರಳಲ್ಲಿ ಕೂತು ಟೀ ಕುಡಿದರು!

ಆ ತಂಡದಲ್ಲಿ ಚಂದಕವಾಡಿಯ ಮಾದೇಶ ಎಂಬ ಹುಡುಗನಿದ್ದ. ದಿನಾ ಒಂದೇ ಪ್ರಶ್ನೆ ಅವನದು. "ಕಲ್ತು ಯಾರ್ ಮೇಲೆ ಆಡದು ಸಾ?"

"ನೀನು ಮೊದ್ಲು ಕಲೀಲಾ. ಎದುರ್ಗಡೆಯೋರು ಆಮೇಲೆ ಬತ್ತರೆ."

ಯಾರೂ ಬರಲಿಲ್ಲ. ಮಾದೇಶ ಓದು ಮುಗಿಸಿ ಚಾಮರಾಜನಗರದಲ್ಲಿ ತಾನೂ ಆಟದ ಮೇಷ್ಟ್ರಾದ. ಅವನ ನಂತರವೂ ಎಷ್ಟೋ ತಂಡಗಳು ಕಲಿತವು, ಪರಸ್ಪರ ಡಿಕ್ಕಿ ಹೊಡೆದುಕೊಂಡವು, ಪರೀಕ್ಷೆ ಮುಗಿಸಿ ಹೋದವು. ಭಾವ ಮಾತ್ರ ಬೆಳಗಾದರೆ ಸೀಟಿ ಹಿಡಿದು ಮೈದಾನದಲ್ಲಿ!

ಕಳೆದ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಮೈದಾನದ ಮೇಲೆ ಅವರ ಕಣ್ಣು. ಅಲ್ಲಿ ಕಾರು, ಬೈಕು ನಿಲ್ಲಿಸಬಹುದಲ್ಲ! "ಮೇಷ್ಟ್ರೇ, ಈ ವರ್ಷ ಯಾರ ಜೊತೆಗಾದರೂ ಒಂದು ಪಂದ್ಯ ಆಡಿ ತೋರಿಸಿ. ಇಲ್ಲದಿದ್ದರೆ ಈ ಆಟ ನಿಲ್ಲಿಸಿಬಿಡೋಣ" ಎಂದರು. ಅವತ್ತು ಭಾವ ಮುದ್ದೆಯನ್ನು ಬರೀ ಮುದ್ದೆಯ ಹಾಗೆ ತಿಂದರು. ಅದನ್ನು ನೋಡಿ ನನಗೂ ಅಕ್ಕನಿಗೂ ಗಾಬರಿಯಾಯಿತು.

ಮರುದಿನದಿಂದ ಎದುರಾಳಿಯ ಬೇಟೆ. ಕಾಲೇಜು ಕಾಲೇಜು ಅಲೆದರು. "ನಮ್ಗೆ ಕಬಡ್ಡಿ ಸಾಕು ಸಾರ್" ಎಂದು ಎಲ್ಲರೂ ಟೀ ಕೊಟ್ಟು ಕಳಿಸಿದರು. ಹರವೆಯಲ್ಲೊಂದು ಮದುವೆಗೆ ಹೋದರೆ ಅಲ್ಲಿಯೂ ಅದೇ! ಊಟ ಬಡಿಸುತ್ತಿದ್ದ ದಪ್ಪ ಭುಜದ ಹುಡುಗನನ್ನು ಹಿಡಿದು ನಿಲ್ಲಿಸಿದರು.

"ಎತ್ತರ ಎಷ್ಟಪ್ಪಾ? ತೂಕ? ಬೆಳಿಗ್ಗೆ ಬೇಗ ಏಳ್ತೀಯಾ? ಮೊಣಕಾಲು ನೋವು ಗೀವು ಇಲ್ಲ ತಾನೆ?"

ಪಾಯಸ ಬರುವಷ್ಟರಲ್ಲಿ ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಬಂದು, ಅಕ್ಕನ ಪಕ್ಕದಲ್ಲಿ ಕೂತು, "ಜಾತ್ಕ ತಂದಿದ್ದೀರಾ ಅಕ್ಕಾ? ನಿಮ್ ಮಗ್ಳು ಏನ್ ಓದವ್ಳೆ?" ಎಂದರು. ಅಕ್ಕನಿಗಿರುವುದು ಇಬ್ಬರೂ ಗಂಡುಮಕ್ಕಳು!

ಈ ಕಥೆ ಹರವೆಯಿಂದ ಬಸ್ಸು ಹತ್ತಿ, ನಗಿಸಿಕೊಂಡು ನಗಿಸಿಕೊಂಡು ಚಾಮರಾಜನಗರ ಸೇರಿತು. ಅಲ್ಲಿ ಒಬ್ಬ ಮಾತ್ರ ನಗಲಿಲ್ಲ. ಕೆಲವು ವಾರಗಳಾದ ಮೇಲೆ ಭಾವನ ಫೋನು ಹೊಡೆದುಕೊಂಡಿತು.

"ಸಾ, ನಾನು ಮಾದೇಶ. ಎದುರ್ಗಡೆಯೋರು ಬಂದವ್ರೆ."

ಪಂದ್ಯದ ದಿನ ಗೂಡ್ಸ್ ಟೆಂಪೊ ತುಂಬ ಹುಡುಗರು ಬಂದಿಳಿದರು. ತಲೆಗೆ ಬೈಕಿನ ಹೆಲ್ಮೆಟ್. ಭುಜದ ಮೆತ್ತೆ ನೋಡಿ ನಾನು ಬೆರಗಾದೆ. ಅದೇ ನನ್ನ ಅಳತೆ, ನನ್ನದೇ ಅಡ್ಡ ಹೊಲಿಗೆ. ಮಾದೇಶ ತನ್ನ ಹಳೆಯ ಮೆತ್ತೆಯನ್ನು ಮಾದರಿಗೆ ಕೊಟ್ಟು ಅವರಮ್ಮನ ಕೈಲಿ ಹೊಲಿಸಿದ್ದನಂತೆ.

ಸೀಟಿ ಊದಿದವರು ಕಬಡ್ಡಿ ಮೇಷ್ಟ್ರು. ಅವರಿಗೆ ನಿಯಮವೇ ಗೊತ್ತಿರದ ಕಾರಣ ಪಕ್ಷಪಾತ ಮಾಡುವ ಹಾಗೂ ಇರಲಿಲ್ಲ! ಆಟ ಸಮಸಮವಾಗಿ ನಡೆದು ಕೊನೆಗೆ ಬಂತು. ಚೆಂಡು ನಮ್ಮ ಹುಡುಗನ ಕೈಯಲ್ಲಿ; ಎದುರು ತಂಡದ ಎಡಭಾಗ ಖಾಲಿ; ಓಡಿ ಆಚೆ ಗೆರೆ ದಾಟಿದರೆ ಗೆಲುವು. ಆಗ ನಮ್ಮ ಭಾವ ಇದ್ದಕ್ಕಿದ್ದಂತೆ ಎದುರು ತಂಡದವನಿಗೆ ಕೂಗಿದರು:

"ಏಯ್, ಎಡಗಡೆ ಕಾವಲು ಬುಟ್ಬುಟ್ಟಿದ್ದೀಯಲ್ಲಾ, ಮುಚ್ಲಾ!"

ಅವನು ಮುಚ್ಚಿದ. ನಮ್ಮವನು ಬಿದ್ದ. ಚೆಂಡು ಅವರ ಪಾಲಾಯಿತು. ಅವರು ಓಡಿಯೇ ಓಡಿದರು.

"ಸೋತುಬಿಟ್ರಲ್ಲಾ ಮೇಷ್ಟ್ರೇ" ಎಂದರು ಪ್ರಿನ್ಸಿಪಾಲರು.

"ಊಂ ಸಾರ್! ಆಡಿ ಸೋತೊ!" ಎನ್ನುತ್ತಾ ಭಾವ ಅವರ ಕೈ ಹಿಡಿದು ಕುಲುಕಿದರು. ಇಡೀ ಕಾಲೇಜಿನ ಎದುರು ಆಡಿದ ಮೇಲೆ ಆಟ ನಿಲ್ಲಿಸುವ ಮಾತೆತ್ತಲು ಪ್ರಿನ್ಸಿಪಾಲರಿಗೆ ಬಾಯಿ ಬರಲಿಲ್ಲ. ಭಾವ ಬರುವ ದಾರಿಯಲ್ಲಿ ಮೈಸೂರು ಪಾಕ್ ಕೊಂಡು, ಸೋತ ಸುದ್ದಿ ಹೇಳಿ ಹೇಳಿ ಬೀದಿಗೆಲ್ಲ ಹಂಚಿದರು.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಭಾವ ಎರಡು ಗಂಟು ಹೊತ್ತು ತಂದರು. ಹರಿದ ಮೆತ್ತೆಗಳು. ಒಂದು ಗಂಟು ನಮ್ಮವರದು, ಇನ್ನೊಂದು ಮಾದೇಶನ ಹುಡುಗರದು. ರಿಪೇರಿ ಮಾಡಿಸಿ ಕಳಿಸುತ್ತೇನೆಂದು ಟೆಂಪೊದಿಂದ ಇಳಿಸಿಕೊಂಡಿದ್ದರಂತೆ.

"ಅಷ್ಟೂ ಒಂದೇ ದಿನ ಆಗಲ್ಲ ಭಾವ. ನಮ್ಮ ಹುಡುಗರದ್ದು ಮೊದಲು ಹೊಲಿದುಕೊಡ್ತೀನಿ" ಎಂದೆ.

ಅವರು ಸೂಜಿದಾರದ ಡಬ್ಬವನ್ನು ತಾವೇ ಎತ್ತಿ ತಂದು, ಎರಡನೆಯ ಗಂಟನ್ನು ಬಿಚ್ಚಿ ಯಂತ್ರದ ಮುಂದಿಟ್ಟರು.

"ಅವ್ರದ್ದು ಮೊದ್ಲು ಹೊಲಿ ಕಣಮ್ಮಿ" ಎಂದರು ಮೆಲ್ಲಗೆ. "ಎಷ್ಟು ವರ್ಷ ಕಾದಿದ್ದೀನಿ ಅವ್ರಿಗೆ."