ಹೊತ್ತಿಗೆ ನಾಲ್ಕು ಲೀಟರ್ ಕೊಡುವ ಎಂಜಿನ್

ಗಾಳಿಯಿಂದಲೇ ತಣ್ಣಗಾಗುವ ಹಳೇ ಕಾರು ಹೊನ್ನಾಳಿ ಸೀಮೆಯಲ್ಲಿ ಇರುವುದು ಒಂದೇ. ಅದರ ಮಾಲೀಕ ಕೆಂಚೇಶ್. ತಳ್ಳುವ ಹಕ್ಕು ಸಾರ್ವಜನಿಕರದ್ದು.

ಈ ಕಾರಿನಿಂದ ಸುಖಗಳುಂಟು. ರೇಡಿಯೇಟರ್ ಇಲ್ಲವಾದ್ದರಿಂದ ಬೇಸಿಗೆಯಲ್ಲಿ ನೀರು ಕುದಿಯುವುದಿಲ್ಲ. ಒಳಗೆ ಕೂತವರು ಮಾತ್ರ ಕುದಿಯುತ್ತಾರೆ. ಕಾರು ನಿಂತಲ್ಲೆಲ್ಲ ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದು ಎಲ್ಲೆಂದರಲ್ಲಿ ನಿಲ್ಲುವುದರಿಂದ ಸೆಲ್ಫಿಗೆ ಬರವಿಲ್ಲ. ಇದನ್ನು ಕೊಳ್ಳಲು ಕೆಂಚೇಶ್, ಹೆಂಡತಿ ಶೈಲಾಳ ತವರಿನಿಂದ ಬಂದ ಹಿಂಡುವ ಎಮ್ಮೆಯನ್ನು ಸಂತೇಬೆನ್ನೂರಿನ ಸಿದ್ದೇಶನಿಗೆ ಬದಲಿಯಾಗಿ ಕೊಟ್ಟಿದ್ದ. ಮಗು ಹಾಲಿಗೆ ಅತ್ತರೆ ಹಾರ್ನ್ ಒತ್ತಿ ಸಮಾಧಾನ ಮಾಡುತ್ತಿದ್ದ.

"ರೀ, ಹಾರ್ನ್ ಹಿಂಡಿದ್ರೆ ಎಷ್ಟು ಹಾಲು ಬರತೈತೆ?" ಎಂದಳು ಶೈಲಾ.

"ಇದು ಪರಂಪರೆ ಕಣೇ. ಎಮ್ಮೆ ಎಲ್ಲರ ಮನೇಲೂ ಐತೆ."

"ನಮ್ಮನೇಲಿಲ್ಲ."

ಹೀಗಿರಲು, ಪುರಾತನ ವಾಹನಗಳ ಯೋಗ್ಯತಾ ತಪಾಸಕರಾದ ಓಬಳಪ್ಪನವರು ದಯಮಾಡಿಸಿದರು. ಕಾರಿನ ಮುಂದಿನ ಮುಚ್ಚಳ ಎತ್ತಿಸಿದರು. ಒಳಗೆ ಒಂದು ಟೈರು, ಮಗುವಿನ ಕುಲಾವಿ.

"ಎಂಜಿನ್ ಎಲ್ರೀ?"

"ಹಿಂದೈತೆ ಸಾರ್."

"ಹಿಂದೆ ಇದ್ದಿದ್ದು ಹಿಂದಿನ ಮಾತು. ಈಗೆಲ್ಲೈತೆ ಹೇಳ್ರಿ. ನೀರೆಲ್ಲಿ ಹಾಕ್ತೀರಿ?"

"ನೀರು ಬ್ಯಾಡ ಸಾರ್, ಗಾಳಿ ಸಾಕು."

"ಗಾಳಿ ಕುಡ್ಕಂಡು ಯಾರಾದ್ರೂ ದುಡೀತಾರೇನ್ರೀ?"

"ಹಂಗೆ ಕೇಳ್ರಿ ಸಾರ್," ಎಂದಳು ಶೈಲಾ ಬಾಗಿಲಿನಿಂದ. "ಮಗೂಗೂ ಅದನ್ನೇ ಕುಡಿಸ್ತಾರೆ."

ಓಬಳಪ್ಪನವರು ನಿಂತಲ್ಲೇ ಆದೇಶ ಓದಿದರು: "ಮುಂದೆ ಎಂಜಿನ್ ಇಲ್ಲದ ವಾಹನವು ಎಳೆಯುವ ಗಾಡಿಯೇ ಆಗಿರುತ್ತದೆ. ಎಳೆಯುವ ಪ್ರಾಣಿಯನ್ನೇ ಎಂಜಿನ್ ಎಂದು ಪರಿಗಣಿಸತಕ್ಕದ್ದು. ಪ್ರಾಣಿಯನ್ನು ಹಾಜರುಪಡಿಸದಿದ್ದಲ್ಲಿ ವಾಹನವು ಗುಜರಿಗೆ."

ಕೆಂಚೇಶ್ ಕಾರನ್ನು ತಬ್ಬಿಕೊಂಡ. ಮದುವೆಯಾದ ಮೇಲೆ ಅವನು ಯಾರನ್ನೂ ಅಷ್ಟು ಗಟ್ಟಿಯಾಗಿ ತಬ್ಬಿದ್ದಿಲ್ಲ.

"ಸಾರ್, ನಮ್ಮ ಎಂಜಿನ್ ಸಿದ್ದೇಶಣ್ಣನ ಕೊಟ್ಟಿಗೇಲೈತೆ," ಎಂದಳು ಶೈಲಾ. "ಕಾರು ಕೊಟ್ಟು ಅದನ್ನ ಇಟ್ಕಂಡಾನೆ."

"ಕೆಲಸ ಮಾಡ್ತೈತಾ?"

"ಹೊತ್ತಿಗೆ ನಾಲ್ಕು ಲೀಟರ್ ಕೊಡತೈತೆ."

"ಕುಡಿಯೋ ಎಂಜಿನ್ ಕಂಡೀನಮ್ಮ. ಕೊಡೋ ಎಂಜಿನ್ ಇದೇ ಮೊದಲು!" ಎಂದ ಓಬಳಪ್ಪನವರ ಕಣ್ಣು ಒದ್ದೆಯಾಯಿತು.

ಸಿದ್ದೇಶನನ್ನು ಕರೆಸಲಾಯಿತು. "ಕಾರಲ್ಲಿ ಎಂಜಿನ್ ಐತಲ್ರೀ ಸಾಹೇಬ್ರೆ, ಹಿಂದ್ಗಡೆ!" ಎಂದು ಅವನು ಕೂಗಾಡಿದ.

"ಹಂಗಾದ್ರೆ ಒಂದೇ ಕಾರಿಗೆ ಎರಡು ಎಂಜಿನ್ ಇಟ್ಟಿದ್ದಿ ಅಂತ ಕೇಸ್ ಹಾಕ್ಲೇನೋ?"

ಸಿದ್ದೇಶ ಎಮ್ಮೆಯ ಹಗ್ಗ ಕೊಟ್ಟು ಹೋದ.

ಈಗ ಕಾರು ಒಮ್ಮೆಯೂ ಕೆಟ್ಟು ನಿಂತಿಲ್ಲ. ಎಮ್ಮೆ ಎಳೆಯುತ್ತದೆ, ಕೆಂಚೇಶ್ ಕಪ್ಪು ಕನ್ನಡಕ ಹಾಕಿಕೊಂಡು ಸ್ಟೀರಿಂಗ್ ತಿರುಗಿಸುತ್ತಾನೆ. ಬಿಸಿಲೇರಿದರೆ ಎಂಜಿನ್ ಕಾರು ಸಮೇತ ಹೊಳೆಗಿಳಿಯುತ್ತದೆ. ಆದ್ದರಿಂದ ಈ ವಾಹನವು ನೀರಿನಿಂದ ತಣ್ಣಗಾಗುವುದೆಂದು ತಿದ್ದುಪಡಿ ಹೊರಡಿಸಲಾಗಿದೆ. ಚನ್ನಗಿರಿ, ಜಗಳೂರಿನ ಹಳೇ ಕಾರಿನವರೂ ಸಂತೆಯಲ್ಲಿ ಎಂಜಿನ್ನುಗಳ ಹಲ್ಲು ಹಿಡಿದು ನೋಡುತ್ತಿದ್ದಾರೆ.

ಓಬಳಪ್ಪನವರು ಸೋಮವಾರ ಸೋಮವಾರ ತಪಾಸಣೆಗೆ ಬರುತ್ತಾರೆ, ಕೈಯಲ್ಲಿ ಸ್ಟೀಲ್ ಕ್ಯಾನು. ಅವರು ಬರುವ ಮೊದಲೇ ಶೈಲಾ ಎದ್ದು ಎಂಜಿನ್ ಹಿಂಡುತ್ತಾಳೆ. ಮಗು ಹೊಟ್ಟೆ ತುಂಬ ಕುಡಿಯುತ್ತದೆ. ಉಳಿದದ್ದಕ್ಕೆ ಹೊಳೆಯ ನೀರು ಬೆರೆಸಿ ತಪಾಸಣೆಗೆ ಒಪ್ಪಿಸುತ್ತಾಳೆ.

"ಇದ್ಯಾಕಮ್ಮ ಹಿಂಗೆ ನೀರು ನೀರು?" ಎಂದರು ಅವರು ಒಮ್ಮೆ.

"ನೀವೇ ಬರೆದೀರಲ್ಲ ಸಾರ್, ನೀರಿನ ಎಂಜಿನ್ ಅಂತ."

ಓಬಳಪ್ಪನವರು ಕ್ಯಾನು ಮುಚ್ಚಿ, ಎಲ್ಲವೂ ನಿಯಮದಂತೆಯೇ ಇದೆ ಎಂದು ಸಹಿ ಹಾಕಿದರು.