ನಮ್ಮ ಮಾವನವರನ್ನು ಫೇಲು ಮಾಡುವಂತೆ ಕೋರಿ

ಲ್ಯಾಪ್‌ಟಾಪಿನ ನೆತ್ತಿಯಲ್ಲಿ ಸಾಸಿವೆ ಕಾಳಿನಷ್ಟೇ ಜಾಗ ಹಿಡಿದು, ಕಲಿಯುವವರ ಗಮನ ಎಲ್ಲಿದೆಯೆಂದು ಹಗಲೆಲ್ಲ ಕಾವಲು ಕಾಯುತ್ತಿರುವ ಮಾನ್ಯ ಪರೀಕ್ಷಕ ಕ್ಯಾಮೆರಾ ಕಣ್ಣಿನವರೇ,

ತಮಗೆ ನನ್ನ ಸಾವಿರ ನಮಸ್ಕಾರಗಳು. ಕೈ ಮುಗಿದರೆ ತಲೆ ತಗ್ಗುತ್ತದೆ, ತಲೆ ತಗ್ಗಿದರೆ ತಾವು ಗಂಟೆ ಬಾರಿಸುತ್ತೀರಿ. ಆದ್ದರಿಂದ ಈ ನಮಸ್ಕಾರಗಳನ್ನು ತಲೆ ಎತ್ತಿಕೊಂಡೇ ಮಾಡುತ್ತಿದ್ದೇನೆ, ಉದ್ಧಟತನವೆಂದು ತಿಳಿಯಬಾರದು.

ನಾನು ದೊಡ್ಡವರಿಗೆ ಸಂಜೆ ಹೊತ್ತು ಹೊಲಿಗೆ ಕಲಿಸುವವಳು. ನಮ್ಮ ಪಾಠದ ಕೋಣೆಯನ್ನು ವ್ಯಾಯಾಮ ಶಾಲೆಗೆ ಬಿಟ್ಟುಕೊಟ್ಟಿದ್ದರಿಂದ ಇನ್ನು ಮುಂದೆ ತರಗತಿ ಆನ್‌ಲೈನಿನಲ್ಲೇ ನಡೆಯಬೇಕೆಂದೂ, ಅದಕ್ಕೆ ಮೊದಲು ನಾನು ‘ವಯಸ್ಕರಿಗೆ ಆನ್‌ಲೈನಿನಲ್ಲಿ ಪರಿಣಾಮಕಾರಿಯಾಗಿ ಕಲಿಸುವುದು ಹೇಗೆ’ ಎಂಬ ಕೋರ್ಸು ಪಾಸಾಗಬೇಕೆಂದೂ, ಆಗದಿದ್ದರೆ ತರಗತಿಯನ್ನೇ ಮುಚ್ಚುವುದಾಗಿಯೂ ನಮ್ಮ ಮೇಲಧಿಕಾರಿಗಳು ಅಪ್ಪಣೆ ಮಾಡಿದರು. ನನ್ನ ಶಿಷ್ಯರಲ್ಲಿ ಮೊಮ್ಮಗಳಿಗೆ ಫ್ರಾಕು ಹೊಲಿದೇ ತೀರುವ ಹಟ ತೊಟ್ಟ ಅಜ್ಜಿಯೊಬ್ಬರಿದ್ದಾರೆ, ಅಂಗಿಯ ಗುಂಡಿಗಾಗಿ ಯಾರ ಹಂಗೂ ಬೇಡವೆಂದು ಶಪಥ ಮಾಡಿದ ಬ್ರಹ್ಮಚಾರಿ ಕಂಡಕ್ಟರಿದ್ದಾರೆ. ಇವರನ್ನು ಬಿಟ್ಟರೆ ನನ್ನ ಮಾತನ್ನು ಕೇಳುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಆದ್ದರಿಂದ ಆ ತರಗತಿ ನನಗೆ ಬೇಕೇ ಬೇಕು.

ಕೋರ್ಸಿನ ಮೊದಲ ಪಾಠದಲ್ಲಿ, ವಯಸ್ಕರನ್ನು ಚಿಕ್ಕ ಮಕ್ಕಳಂತೆ ಗದರಬಾರದು ಎಂಬ ಮಾತು ಬಂತು. ಎಂಥ ಮಾತು ಎಂದು ಬರೆದುಕೊಳ್ಳಲು ಬಗ್ಗಿದೆ. ತಾವು ಗಂಟೆ ಬಾರಿಸಿ, “ಗಮನವಿಲ್ಲ! ಮೊದಲಿನಿಂದ ನೋಡಿ” ಎಂದಿರಿ. ಮೊದಲಿನಿಂದ ನೋಡಿ, ಅದೇ ಮಾತಿಗೆ ಕಣ್ಣು ಮುಚ್ಚಿ ತಲೆದೂಗಿದೆ, ಮತ್ತೆ ಗಂಟೆ. ಗದರಬಾರದೆಂಬ ಪಾಠವನ್ನು ತಾವು ಎಷ್ಟು ಸಲ ಗದರಿ ಗದರಿ ಕೇಳಿಸಿದಿರೆಂದರೆ ಅದೀಗ ನನಗೆ ಬಾಯಿಪಾಠವಾಗಿದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಬೇರೆ ಯಾರಾದರೂ ಅಂದಾರು, ನಾನು ಮಾತ್ರ ಅನ್ನುವುದಿಲ್ಲ. ನಮ್ಮ ಯಜಮಾನರಂತೂ ಪಕ್ಕದ ಕೋಣೆಯಿಂದ, “ಜೋರಾಗಿ ಉಸಿರಾಡಬೇಡ, ಅದು ನೋಡ್ತಾ ಇದೆ” ಎಂದು ಪಿಸುಗುಟ್ಟುವ ಮಟ್ಟಕ್ಕೆ ಬಂದರು.

ಹೀಗಿರುವಾಗ ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿತು. ನಾನು ಎದ್ದು ಓಡಿದೆ. ಒಲೆ ಒರೆಸಿ ಬರುವಷ್ಟರಲ್ಲಿ ಪರದೆಯ ತುಂಬ ಹೂಮಳೆ, “ಶಭಾಷ್! ನಿಮ್ಮ ಏಕಾಗ್ರತೆ ಅದ್ಭುತ!” ಎಂಬ ಹೊಗಳಿಕೆ, ಮೂರು ಪಾಠ ಮುಗಿದೇ ಹೋಗಿವೆ. ಯಾರಪ್ಪಾ ಇದು ಎಂದು ಹಿಂದಿರುಗಿ ನೋಡಿದರೆ, ಗೋಡೆಯ ಮೇಲೆ ತೀರಿಕೊಂಡ ನಮ್ಮ ಮಾವನವರ ಫೋಟೋ. ನನ್ನ ಮುಖ ಕಾಣದೆ ತಾವು ಅವರ ಮುಖವನ್ನು ಹಿಡಿದುಕೊಂಡಿದ್ದಿರಿ. ಅವರೂ ಕಣ್ಣು ಮಿಟುಕಿಸದೆ ತಮ್ಮನ್ನೇ ನೋಡುತ್ತಿದ್ದರು.

ಆಮೇಲೆ ತಮಗೆ ನಾನು ಹಿಡಿಸಲೇ ಇಲ್ಲ. ಬಂದು ಕೂತರೆ, “ನಿಮ್ಮ ಮುಖ ವಿದ್ಯಾರ್ಥಿಯ ಮುಖಕ್ಕೆ ಹೊಂದುತ್ತಿಲ್ಲ” ಎಂದಿರಿ. ಕಣ್ಣುಕಪ್ಪಿನಿಂದ ಮಾವನವರ ಹಾಗೆ ಮೀಸೆ ಬರೆದುಕೊಂಡೂ ನೋಡಿದೆ. ಮನೆಯ ನಾಯಿ ಬೊಗಳಿತೇ ಹೊರತು ತಾವು ಒಪ್ಪಲಿಲ್ಲ. ಗಮನಕ್ಕೇ ಎಲ್ಲ ಅಂಕವೂ ಆದ್ದರಿಂದ ಮಾವನವರು ಸಲೀಸಾಗಿ ಕೋರ್ಸು ಮುಗಿಸಿ, ‘ಅತ್ಯಂತ ಗಮನಶೀಲ ಕಲಿಕಾರ್ಥಿ’ ಎಂಬ ಸರ್ಟಿಫಿಕೇಟನ್ನು ಸ್ವಂತ ಭಾವಚಿತ್ರದ ಸಮೇತ ಪಡೆದರು. ಬದುಕಿದ್ದಾಗ ಅವರು ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ ಎಂಬುದನ್ನು ಸೊಸೆಯಾಗಿ ನಾನು ಹೇಳಬಾರದು. ಹೇಳಿದವರು ನಮ್ಮ ಅತ್ತೆ. “ನಾನು ಬಾಯಿ ತೆಗೆದ್ರೆ ಎದ್ದು ಹೋಗ್ತಿದ್ದೋರು, ಈಗ ನೋಡು ಹೇಗೆ ಕೂತಿದ್ದಾರೆ!” ಎಂದು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಸರ್ಟಿಫಿಕೇಟು ಹಿಡಿದು ಮೇಲಧಿಕಾರಿಗಳ ಬಳಿ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು, “ಇದರಲ್ಲಿ ಯಾರ ಮುಖ ಇದೆಯೋ ಅವರೇ ಪಾಠ ಮಾಡ್ಬೇಕಮ್ಮ, ರೂಲ್ಸು. ಅವರನ್ನೇ ಕಳಿಸಿ” ಎಂದರು. ಎಲ್ಲಿಂದ ಕಳಿಸಲಿ? ಅತ್ತ ಅಜ್ಜಿ ದಿನಾ ಫೋನು ಮಾಡಿ, “ಕ್ಲಾಸು ಇರುತ್ತಲ್ವಾ ಟೀಚರ್? ಒಂದು ತೋಳು ಹಾಗೇ ನಿಂತಿದೆ” ಎನ್ನುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತಿದೆ, ಮಾನ್ಯರೇ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಮಾವನವರನ್ನು ಫೇಲು ಮಾಡಿಕೊಡಬೇಕು. “ಜೀವನದಲ್ಲಿ ಒಂದು ಸಲ ಪಾಸಾಗಿದ್ದಾರೆ, ಇರಲಿ ಬಿಡು” ಎಂದು ಅತ್ತೆ ಅಡ್ಡ ಬರುತ್ತಿರುವುದರಿಂದ ಇದು ಗುಟ್ಟಾಗಿ ನಡೆಯಲಿ. ಫೇಲು ಮಾಡಲು ತಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ, ಅವರಿಗೆ ಸೂಜಿಗೆ ದಾರ ಪೋಣಿಸುವಂಥ ಎರಡು ಕೈಗಳನ್ನಾದರೂ ಮಂಜೂರು ಮಾಡಿ, ಏಕೆಂದರೆ ಫೋಟೋದಲ್ಲಿ ಅವರು ಎದೆಯವರೆಗೆ ಮಾತ್ರ ಇದ್ದಾರೆ. ಅದೂ ಆಗದಿದ್ದರೆ ತಾವೇ ಒಂದು ಗಳಿಗೆ ಕಣ್ಣು ಮುಚ್ಚಿ ನನ್ನ ತರಗತಿಯನ್ನು ಸುಮ್ಮನೆ ಕೇಳಿ ನೋಡಿ. ನಾನು ಗಂಟೆ ಬಾರಿಸುವುದಿಲ್ಲ.

ತಮ್ಮ ಕಣ್ಣಿಗೆ ಬೀಳದಿದ್ದರೂ ತಮ್ಮ ವಿಶ್ವಾಸಿ,
ಹೊಲಿಗೆ ಟೀಚರ್

ತಾ.ಕ.: ಈ ಪತ್ರ ಕಳಿಸುವ ಮೊದಲೇ ತರಗತಿಯ ದಿನ ಬಂದುಬಿಟ್ಟಿತು. ಅಲ್ಲಿಯೂ ತಾವೇ ಕಾವಲಿದ್ದುದರಿಂದ ಬೇರೆ ದಾರಿ ಕಾಣದೆ ಮಾವನವರನ್ನು ಗೋಡೆಯಿಂದ ಇಳಿಸಿ ಕುರ್ಚಿಯ ಮೇಲೆ ಕೂರಿಸಿ, ನಾನು ಮೇಜಿನ ಕೆಳಗೆ ಅಡಗಿಕೊಂಡು ತೋಳು ಜೋಡಿಸುವ ಪಾಠ ಮಾಡಿದೆ. ಅಜ್ಜಿಯ ಫ್ರಾಕಿಗೆ ತೋಳು ಕೂತಿತು. ತಾವು ಕಳಿಸಿದ ವರದಿಯೂ ತಲುಪಿತು: “ಬೋಧಕರು ಶಾಂತ ಸ್ವಭಾವದವರು, ಅತ್ಯುತ್ತಮ. ಆದರೆ ಹಿನ್ನೆಲೆಯಲ್ಲಿ ಒಬ್ಬ ಹೆಂಗಸು ಬಿಡುವಿಲ್ಲದೆ ಮಾತಾಡುತ್ತಿದ್ದರು. ಮುಂದಿನ ಸಲ ಸುಮ್ಮನಿರಲು ಹೇಳಿ.” ಇದನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಫೋಟೋದ ಕಡೆ ಒಮ್ಮೆ ದುರುಗುಟ್ಟಿ ನೋಡಿ, “ಇದು ಮಿಷನ್ನು ಬರೆದಿದ್ದಲ್ಲ ಬಿಡಮ್ಮ, ಅವರೇ ಬರೆದಿದ್ದು” ಎಂದರು.